ಎರಡೇ ಸೀಟಿನ ಹೂಡಿಕೆ

ಕಾರ್ಲ್ಸ್‌ರೂಹೆ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುವಾಗ ನನ್ನ ಬ್ಯಾಗ್ ನೋಡಿ ಎದುರಿಗೆ ನಿಂತಿದ್ದ ಅಜ್ಜಿಯೊಬ್ಬರು ನಕ್ಕುಬಿಟ್ಟರು. ಬ್ಯಾಗಿನ ಜಿಪ್ ಹಾಕಲಾಗದೆ ಕಾರಿನ ಎರಡು ನಂಬರ್ ಪ್ಲೇಟುಗಳು ಹೊರಗೆ ಇಣುಕುತ್ತಿದ್ದವು. ಜರ್ಮನಿಯಲ್ಲಿ ಹಳೇ ಕಾರು ಕೊಳ್ಳುವವರು ಹೀಗೂ ಮಾಡುತ್ತಾರೆ. ಮೊದಲು ಕಾಗದಪತ್ರ ತಂದು ತಮ್ಮೂರಿನ ನೋಂದಣಿ ಕಚೇರಿಯಲ್ಲಿ ಹೆಸರಿಗೆ ಮಾಡಿಸ್ಕೊಂಡು, ಪಕ್ಕದ ಅಂಗಡಿಯಲ್ಲಿ ಪ್ಲೇಟ್ ಒತ್ತಿಸ್ಕೊಂಡು, ಆಮೇಲೆ ಅದನ್ನ ಹೊತ್ಕೊಂಡು ಕಾರಿರೋ ಊರಿಗೆ ಹೋಗೋದು.

ಇಷ್ಟದ ನಂಬರ್ ಬೇಕಂದ್ರೆ 10.20 ಯೂರೋ ಜಾಸ್ತಿ. ಸ್ಟುಟ್‌ಗಾರ್ಟಿನ ‘ಎಸ್’ ಆದಮೇಲೆ ‘ಕೆಎ 17’ ಸಿಗುತ್ತಾ ಅಂತ ನೋಡಿದ್ದೆ. ನಾನು ದಾವಣಗೆರೆಯವನು, ನಮ್ಮೂರಿನ ಗಾಡಿಗಳೆಲ್ಲ ಕೆಎ 17. ಬರೀ 17 ಯಾರೋ ತಗೊಂಡಾಗಿತ್ತು. 17ರಿಂದ ಶುರುವಾಗೋ ಒಂದು ನಂಬರ್ ಸಿಕ್ತು. ಅದಕ್ಕೂ ದುಡ್ಡು ಕೊಟ್ಟೆ.

‘ಇದನ್ನೂ ಹೂಡಿಕೆ ಲೆಕ್ಕಕ್ಕೆ ಸೇರಿಸಿದೀಯಾ?’ ಅಂತ ಕೇಳಿದಳು ಹೆಂಡತಿ. ಬೆಳಿಗ್ಗೆಯಿಂದ ಅವಳು ಆಡಿದ ಎರಡನೇ ಮಾತು ಅದು. ಮೊದಲನೆಯದು ‘ಟೀ ಕುಡೀತೀಯಾ?’

ನಾವು ಹೋಗುತ್ತಿದ್ದದ್ದು ಬ್ಯೂಲ್ ಅನ್ನೋ ಊರಿನ ಹತ್ತಿರದ ಒಂದು ಹಳ್ಳಿಗೆ. ಒಂದು ಕಡೆ ರೈನ್ ನದಿಯ ಬಯಲು, ಇನ್ನೊಂದು ಕಡೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು, ನಡುವಿನ ಇಳಿಜಾರಿನ ತುಂಬಾ ದ್ರಾಕ್ಷಿ ತೋಟ. ಬ್ಯೂಲ್ ನೇರಳೆ ಬಣ್ಣದ ಪ್ಲಮ್ ಹಣ್ಣಿಗೆ ಹೆಸರುವಾಸಿ. ಸೆಪ್ಟೆಂಬರಿನಲ್ಲಿ ಆ ಹಣ್ಣಿಗೇ ಒಂದು ಜಾತ್ರೆ ನಡೆಯುತ್ತೆ. ನಾವು ಹೋದದ್ದು 2024ರ ಮೇ ತಿಂಗಳು, ಮರಗಳಲ್ಲಿ ಬರೀ ಹಸಿರು ಕಾಯಿ.

ಕಾರಿನ ವಿಷಯ ಹೇಳಿಬಿಡ್ತೀನಿ. ಪೋರ್ಷೆ ಬಾಕ್ಸ್‌ಟರ್, 2000ನೇ ಇಸವಿಯದು, 2.7 ಲೀಟರ್ ಎಂಜಿನ್, 220 ಅಶ್ವಶಕ್ತಿ, ಕೈಯಲ್ಲಿ ಹಾಕೋ ಗೇರು, ಬಟ್ಟೆಯ ಟಾಪ್. ಎಂಜಿನ್ ಮುಂದೂ ಇಲ್ಲ, ಹಿಂದೂ ಇಲ್ಲ, ಸೀಟಿನ ಬೆನ್ನಿಗೇ ಇದೆ. ಹಾಗಾಗಿ ಎರಡು ಡಿಕ್ಕಿ, ಸೀಟೂ ಎರಡೇ. ದಾವಣಗೆರೆಯ ಪಿ.ಜೆ. ಬಡಾವಣೆಯ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ನೀಡ್ ಫಾರ್ ಸ್ಪೀಡ್ ಆಡುತ್ತಿದ್ದ ಕಾಲದಲ್ಲಿ, ಅದರ ಪೋರ್ಷೆ ಆವೃತ್ತಿಯಲ್ಲಿ ಈ ಕಾರಿತ್ತು. ಟ್ಯೂಷನ್ ತಪ್ಪಿಸಿ ಓಡಿಸ್ತಿದ್ದೆ. ಅಸಲು ಕಾರಣ ಅಷ್ಟೇ. ಆದರೆ ಮೂವತ್ತು ವರ್ಷದ ಗಂಡಸು ಮನೇಲಿ ಅಂಥ ಕಾರಣ ಹೇಳೋಕಾಗಲ್ಲ ಅಂತ ನನಗನ್ನಿಸಿತ್ತು. ‘ಇನ್ವೆಸ್ಟ್‌ಮೆಂಟ್’ ಅಂದೆ.

ವಾದ ತೀರಾ ಸುಳ್ಳೇನಲ್ಲ. ಪೋರ್ಷೆಯ 911 ಕಾರಿಗೆ 1998ರವರೆಗೆ ಗಾಳಿಯಿಂದ ತಣಿಯುವ ಎಂಜಿನ್ ಇತ್ತು. ಅದು ನಿಂತು ಹೋದಮೇಲೆ ಆ ಹಳೇ ಕಾರುಗಳ ಬೆಲೆ ವರ್ಷ ಕಳೆದ ಹಾಗೆ ಏರ್ತಾ ಹೋಯ್ತು. ನೀರಿನಿಂದ ತಣಿಯುವ ಮೊದಲ ತಲೆಮಾರಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಒಂದು, ಅದರ ಹೆಡ್‌ಲೈಟು. ಜರ್ಮನರು ಅದನ್ನ ಬಾಣಲೆಗೆ ಒಡೆದು ಹಾಕಿದ ಮೊಟ್ಟೆ ಅಂತ ಆಡ್ಕೊಂಡು ನಗ್ತಾರೆ, ನಮ್ಮ ಹೋಟೆಲ್ ಭಾಷೇಲಿ ಬುಲ್ಸ್‌ಐ. ಇನ್ನೊಂದು, ಎಂಜಿನ್ ಒಳಗಿನ ಒಂದು ಬೇರಿಂಗು. ಎಲ್ಲ ಕಾರಲ್ಲೂ ಹೋಗೋದಿಲ್ಲ, ಆದರೆ ಅದು ಹೋದರೆ ಜೊತೆಗೆ ಎಂಜಿನ್ನೂ ಹೋಗಬಹುದು. ಆ ಹೆದರಿಕೆಗೇ ಬೆಲೆ ತಳ ಕಂಡಿದೆ, ತಳ ಕಂಡದ್ದು ಮೇಲೇಳಲೇಬೇಕು, 1996ರಲ್ಲಿ ಬಂದು ಮುಳುಗ್ತಿದ್ದ ಕಂಪನಿಯನ್ನ ಎತ್ತಿದ ಕಾರಿದು, ಒಂದಲ್ಲ ಒಂದು ದಿನ ಜನಕ್ಕೆ ಬೆಲೆ ಗೊತ್ತಾಗುತ್ತೆ. ಹೀಗೆ ವೀಡಿಯೊಗಳಲ್ಲಿ ಕೇಳಿದ್ದನ್ನೆಲ್ಲ ನಾನು ಮನೇಲಿ ಒಪ್ಪಿಸಿದ್ದೆ.

ಒಪ್ಪಿಸೋ ಮುಂಚೆ ಇನ್ನೊಂದು ಕೆಲಸ ಮಾಡಿಬಿಟ್ಟಿದ್ದೆ. ಬರೆಯೋಕೆ ಮುಜುಗರ ಆಗುತ್ತೆ. ‘ಸುಮ್ನೆ ನೋಡ್ಕೊಂಡು ಬರ್ತೀನಿ’ ಅಂತ ಹೇಳಿ ಏಪ್ರಿಲ್‌ನಲ್ಲಿ ಒಬ್ಬನೇ ಬಂದವನು, ಸಾವಿರ ಯೂರೋ ಅಡ್ವಾನ್ಸ್ ಕೊಟ್ಟು ವಾಪಸ್ ಹೋಗಿದ್ದೆ. ಅದೂ ಜಂಟಿ ಖಾತೆಯಿಂದ. ಮರುದಿನ ಅವಳ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಅವಳು ಬೈಯಲಿಲ್ಲ, ‘ನೋಡೋಕೆ ಸಾವಿರ ಯೂರೋ ಟಿಕೆಟ್ಟಾ?’ ಅಂತಷ್ಟೇ ಕೇಳಿದಳು. ನಾನು ಎಕ್ಸೆಲ್ ಶೀಟ್ ಮಾಡಿದ್ದು ಆ ರಾತ್ರಿ. ಮೊದಲು ಅಡ್ವಾನ್ಸ್, ಆಮೇಲೆ ಲೆಕ್ಕ.

ಅವಳ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇಂಥವರ ಕೈಗೆ ನಿಮ್ಮ ಎಕ್ಸೆಲ್ ಕೊಡೋ ಮುಂಚೆ ಎರಡು ಸಲ ಯೋಚನೆ ಮಾಡಿ.

ನನ್ನ ಶೀಟಿನಲ್ಲಿ ಮೂರೇ ಕಾಲಂ ಇದ್ದವು: ಕೊಂಡ ಬೆಲೆ 13,500, ಇಟ್ಟುಕೊಳ್ಳೋ ವರ್ಷ 8, ಮಾರೋ ಬೆಲೆ 22,000. ಅವಳು ಕಾಫಿ ಕುಡೀತಾ ಸಾಲು ಸೇರಿಸ್ತಾ ಹೋದಳು. ಗ್ಯಾರೇಜ್ ಬಾಡಿಗೆ ತಿಂಗಳಿಗೆ 70, ವರ್ಷಕ್ಕೆ 840. ವಿಮೆ 350. ಸರ್ವಿಸು, ಟೈರು, ಬ್ರೇಕು ಎಲ್ಲ ಸೇರಿ ಸರಾಸರಿ 900. ರಸ್ತೆ ತೆರಿಗೆ ವರ್ಷಕ್ಕೆ 182 ಆಗಬೇಕಿತ್ತು, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸೋ ಸೀಸನ್ ಪ್ಲೇಟ್ ತಗೊಂಡಿದ್ದಕ್ಕೆ 121. ಹತ್ತಿರ 2,200 ವರ್ಷಕ್ಕೆ. ಎಂಟು ವರ್ಷಕ್ಕೆ 17,600. ಪೆಟ್ರೋಲ್ ಬಿಟ್ಟು.

‘ಅಂದ್ರೆ 31,000ಕ್ಕೆ ಮಾರಿದ್ರೆ ಲಾಭ ಸೊನ್ನೆ’ ಅಂದಳು. ‘ಅದೇ 13,500 ವರ್ಷಕ್ಕೆ ಐದು ಪರ್ಸೆಂಟ್ ಬರೋ ಕಡೆ ಇಟ್ರೆ ಎಂಟು ವರ್ಷಕ್ಕೆ ಹೆಚ್ಚುಕಮ್ಮಿ ಇಪ್ಪತ್ತು ಸಾವಿರ. ಅದಕ್ಕೆ ಗ್ಯಾರೇಜ್ ಬೇಕಿಲ್ಲ.’

ನನ್ನ ಹತ್ತಿರ ಕೊನೇ ಅಸ್ತ್ರ ಒಂದಿತ್ತು. ಇಲ್ಲಿ ಮೂವತ್ತು ವರ್ಷ ತುಂಬಿದ, ಚೆನ್ನಾಗಿ ಕಾಪಾಡಿದ ಕಾರಿಗೆ ‘ಎಚ್’ ಅಕ್ಷರದ ಪ್ಲೇಟು ಸಿಗುತ್ತೆ. ಅದಕ್ಕೆ ಎಂಜಿನ್ ಎಷ್ಟೇ ದೊಡ್ಡದಿದ್ದರೂ ಒಂದೇ ತೆರಿಗೆ. 2030ಕ್ಕೆ ನಮ್ಮ ಕಾರೂ ಆ ಸಾಲಿಗೆ ಬರುತ್ತೆ ಅಂದೆ. ಅವಳು ಫೋನಲ್ಲಿ ನೋಡಿದಳು. ಎಚ್ ಪ್ಲೇಟಿನ ತೆರಿಗೆ ವರ್ಷಕ್ಕೆ 191 ಯೂರೋ ಚಿಲ್ಲರೆ. ಈಗಿನದು 182. ಅಂದ್ರೆ ಆ ಗೌರವ ಸಿಕ್ಕಮೇಲೆ ನಾವು ಒಂಬತ್ತು ಯೂರೋ ಜಾಸ್ತಿ ಕಟ್ಟಬೇಕು! ಅವತ್ತು ಅವಳು ನಕ್ಕದ್ದು ಅಲ್ಲೊಂದು ಸಲ.

ಆಮೇಲೆ ಎಂಟು ಅನ್ನೋ ಅಂಕಿಯ ಮೇಲೆ ಬೆರಳಿಟ್ಟಳು. ‘ಎಂಟು ವರ್ಷ ನಾವಿಬ್ಬರೇ ಇರ್ತೀವಾ?’

ಮದುವೆಯಾಗಿ ನಾಲ್ಕು ವರ್ಷ. ಮಗುವಿನ ಮಾತು ಬಂದಾಗೆಲ್ಲ ಒಂದಲ್ಲ ಒಂದು ಕಾರಣ ಹೇಳಿ ಮುಂದಕ್ಕೆ ಹಾಕ್ತಾ ಬಂದವನು ನಾನೇ. ಮೊದಲು ನನ್ನ ವೀಸಾ, ಆಮೇಲೆ ಅವಳ ಕಾಂಟ್ರ್ಯಾಕ್ಟು, ಆಮೇಲೆ ದೊಡ್ಡ ಮನೆ. ಅವತ್ತು ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ: ‘ಏರ್‌ಬ್ಯಾಗ್ ಆಫ್ ಮಾಡಿಸಿದ್ರೆ ಮಗುವಿನ ಸೀಟು ಮುಂದೇನೇ ಹಾಕಬಹುದು.’

‘ಆಗ ನಾನೆಲ್ಲಿ ಕೂರ್ಲಿ? ಡಿಕ್ಕೀಲಾ?’

ಅದಕ್ಕೆ ಉತ್ತರ ಕೊಡದೇ ನಾವು ಬ್ಯೂಲ್‌ಗೆ ಬಂದಿದ್ದು.

ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು, ಎಪ್ಪತ್ತು ದಾಟಿದವರು. ಹೊಸದಾಗಿ ಕೊಂಡವರೂ ಅವರೇ. ಬಿಲ್ಲು ಇನ್ನೂ ಡಾಯ್ಚ್‌ಮಾರ್ಕ್‌ನಲ್ಲಿತ್ತು, ಯೂರೋ ನೋಟು ಬಂದದ್ದು 2002ರಲ್ಲಿ ತಾನೆ. ಲೆಕ್ಕ ಹಾಕಿದರೆ ಅವರು ಕೊಟ್ಟದ್ದು ನನ್ನ ಬೆಲೆಯ ಹತ್ತಿರ ಮೂರು ಪಟ್ಟು. ಕಾರು ಮಾರೋಕೆ ಕಾರಣ ಮಂಡಿ. ಅಷ್ಟು ತಗ್ಗಿನ ಸೀಟಿಗೆ ಕೂರೋಕೆ ಆಗುತ್ತಂತೆ, ಏಳೋಕೆ ಆಗಲ್ಲವಂತೆ. ಏಪ್ರಿಲ್‌ನಲ್ಲಿ ಊರಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಲಿಫ್ಟಿಗೆ ಹಾಕಿಸಿ ನೋಡಿದ್ದೆ. ಎಣ್ಣೆ ಫಿಲ್ಟರ್ ಕತ್ತರಿಸಿ ನೋಡಿದ್ದರು, ಲೋಹದ ಚೂರು ಇರಲಿಲ್ಲ. ಟೈರಿನ ಪಕ್ಕದಲ್ಲಿ ಕೊನೆಗೆ 2115 ಅಂತಿತ್ತು, ಅಂದ್ರೆ 2015ರ 21ನೇ ವಾರದ ಟೈರು. ಅದನ್ನ ತೋರಿಸಿ ಏಳುನೂರು ಇಳಿಸಿದ್ದೆ. ಹಳೇ ಕಾರು ನೋಡೋಕೆ ಹೋದರೆ ನೀವೂ ಈ ನಾಲ್ಕು ಅಂಕಿ ಓದಿ, ನಮ್ಮೂರಿನ ಟೈರಿನ ಮೇಲೂ ಇರುತ್ತೆ.

ನಾನು ಪ್ಲೇಟ್ ಸಿಕ್ಕಿಸ್ತಿದ್ದಾಗ ಮೇಷ್ಟ್ರು ಹೆಂಡತಿಗೆ ಒಂದೊಂದೇ ತೋರಿಸ್ತಿದ್ದರು. ಟಾಪ್ ಮಡಚೋ ಜಾಗದಲ್ಲಿ ನೀರು ಹರಿಯೋ ತೂತುಗಳಿವೆ, ಎಲೆ ಕಟ್ಟಿಕೊಂಡರೆ ಮಳೆನೀರು ಒಳಗೆ ಬಂದು ಸೀಟಿನ ಕೆಳಗೆ ನಿಲ್ಲುತ್ತೆ, ಅಲ್ಲೇ ಎಲೆಕ್ಟ್ರಾನಿಕ್ ಡಬ್ಬಿ ಇದೆ, ಶರತ್ಕಾಲದಲ್ಲಿ ಮರದ ಕೆಳಗೆ ನಿಲ್ಲಿಸಬೇಡಿ ಅಂತ. ಚಾಸಿ ನಂಬರಿನಲ್ಲಿ ಒಂದು ‘ಯು’ ಅಕ್ಷರ ತೋರಿಸಿದರು. ಊಸಿಕೌಪುಂಕಿ, ಫಿನ್‌ಲ್ಯಾಂಡಿನ ಊರು. ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಜಾಗ ಸಾಲದೆ ಬಾಕ್ಸ್‌ಟರ್ ಕಾರುಗಳನ್ನ ಅಲ್ಲಿಯೂ ಕಟ್ಟಿಸುತ್ತಿದ್ದರು. ‘ನಮ್ಮನೆಯಿಂದ ಹತ್ತು ನಿಮಿಷದಲ್ಲಿ ಫ್ಯಾಕ್ಟರಿ ಇದೆ, ನೀನು ಫಿನ್‌ಲ್ಯಾಂಡಿಂದು ಹುಡುಕಿದೀಯಾ’ ಅಂತ ಕನ್ನಡದಲ್ಲಿ ನನಗೆ ಹೇಳಿದಳು. ದನಿ ಸ್ವಲ್ಪ ಸಡಿಲ ಆಗಿತ್ತು.

ಹಳ್ಳಿಯಿಂದ ಬೆಟ್ಟ ಹತ್ತಿದರೆ ಬಿ 500 ಸಿಗುತ್ತೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬೆಟ್ಟದ ನೆತ್ತಿಯ ಮೇಲೇ ಸಾಗೋ ಸುಮಾರು 60 ಕಿಲೋಮೀಟರ್ ರಸ್ತೆ. ಚಾರ್ಮಾಡಿ, ಆಗುಂಬೆ ನೋಡಿದವರಿಗೆ ತಿರುವುಗಳು ದೊಡ್ಡದಲ್ಲ. ಆದರೆ ನಮ್ಮ ಘಾಟಿ ಹತ್ತಿ ಮುಗಿದುಬಿಡುತ್ತೆ, ಇದು ಹತ್ತಿದ ಮೇಲೆ ಶುರುವಾಗುತ್ತೆ. ಬಲಕ್ಕೆ ಮರಗಳು ಬಿಟ್ಟುಕೊಟ್ಟ ಕಡೆಯೆಲ್ಲ ಕೆಳಗೆ ರೈನ್ ಬಯಲು, ಅದರಾಚೆ ಫ್ರಾನ್ಸಿನ ಬೆಟ್ಟಗಳು. ಟಾಪ್ ತೆಗೆದಿದ್ದೆವು. ಮೇ ತಿಂಗಳಾದರೂ ಸಾವಿರ ಮೀಟರ್ ಎತ್ತರದಲ್ಲಿ ಚಳಿ. ಹೀಟರ್ ಕಾಲಿಗೆ, ಬಿಸಿಲು ತಲೆಗೆ, ಪೈನ್ ಮರದ ವಾಸನೆ ಮೂಗಿಗೆ. ಬೆನ್ನ ಹಿಂದೆಯೇ ಎಂಜಿನ್ ಇರೋದರಿಂದ ಗೇರ್ ಇಳಿಸಿದಾಗೆಲ್ಲ ಸದ್ದು ಬೆನ್ನುಮೂಳೆಯಲ್ಲಿ ಕೇಳುತ್ತೆ. 220 ಅಶ್ವಶಕ್ತಿ ಇದ್ರೂ ನಾನು ಹೋಗ್ತಿದ್ದದ್ದು ಎಪ್ಪತ್ತರಲ್ಲಿ. ವೇಗಮಿತಿ ಒಂದು ಕಾರಣ, ಟೈರು ಇನ್ನೊಂದು.

ಮುಮ್ಮೆಲ್‌ಜೇ ಅನ್ನೋ ಸಣ್ಣ ಕೆರೆಯ ಹತ್ತಿರ ಕಾಫಿಗೆ ನಿಂತೆವು. ಹಿಮಯುಗದಲ್ಲಿ ಆದ ಕಪ್ಪು ನೀರಿನ ಕೆರೆ, 1036 ಮೀಟರ್ ಎತ್ತರದಲ್ಲಿದೆ. ಸುತ್ತ ಟೂರಿಸ್ಟ್ ಬಸ್ಸು, ಗಡಿಯಾರದ ಅಂಗಡಿ, ಕೇಕು. ಗದ್ದಲ ಜಾಸ್ತಿ, ಭಾನುವಾರದ ಮುಳ್ಳಯ್ಯನಗಿರಿ ನೆನಪಾಯ್ತು. ಅಲ್ಲಿ ಹೆಂಡತಿ ಕೀ ಕೇಳಿದಳು. ಊರಲ್ಲಿ ನಮ್ಮಪ್ಪನ ಹಳೇ ಮಾರುತಿಯಲ್ಲಿ ಗೇರು ಕಲಿತವಳು. ಎರಡು ಕಿಲೋಮೀಟರ್ ನಿಧಾನ ಹೋದಳು. ಆಮೇಲೆ ನಾನು ಬಾಗಿಲ ಹಿಡಿ ಹಿಡ್ಕೊಂಡೆ.

ರುಹೆಸ್ಟೈನ್ ದಾಟಿದ ಮೇಲೆ ಲೋಥರ್‌ಫಾಡ್ ಅಂತ ಒಂದು ಬೋರ್ಡು ಬರುತ್ತೆ. 1999ರ ಡಿಸೆಂಬರ್ 26ರಂದು ಲೋಥರ್ ಅನ್ನೋ ಬಿರುಗಾಳಿ ಇಲ್ಲಿನ ಕಾಡನ್ನ ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ ಉರುಳಿಸಿ ಹೋಯ್ತು. ಬೇರೆ ಕಡೆ ಬಿದ್ದ ಮರ ಸಾಗಿಸಿದರು, ಇಲ್ಲಿ ಮಾತ್ರ ಸುಮಾರು ಹತ್ತು ಹೆಕ್ಟೇರನ್ನ ಹಾಗೇ ಬಿಟ್ಟು, ನಡುವೆ ಮರದ ಹಲಗೆಯ ದಾರಿ ಮಾಡಿದರು. ಬಿದ್ದ ಬೊಡ್ಡೆಗಳ ಮೇಲೆ, ಕೆಳಗೆ, ಸಂದಿಯಲ್ಲಿ ನುಗ್ಗಿಕೊಂಡು ನಡೀಬೇಕು. ಯಾರೂ ನೆಡದ ಗಿಡಗಳು ಈಗ ನಮಗಿಂತ ಎತ್ತರ ಬೆಳೆದಿವೆ. ನಮ್ಮ ಕಾರು ಆ ಗಾಳಿಗಿಂತ ಕೆಲವೇ ತಿಂಗಳು ಚಿಕ್ಕದು.

ಕೊನೆಯಲ್ಲಿ ಬಯಲು ಕಾಣೋ ಕಟ್ಟೆಯಿದೆ. ಅಲ್ಲಿ ನಿಂತು ಹೇಳಿದೆ, ‘ಹೂಡಿಕೆ ಗೀಡಿಕೆ ಏನಿಲ್ಲ ಕಣೇ. ಆಸೆ ಇತ್ತು. ದುಡ್ಡು ಕೇಳದೆ ಕೊಟ್ಟದ್ದು ತಪ್ಪು.’

‘ಗೊತ್ತು’ ಅಂದಳು. ‘ಸುಳ್ಳು ಲೆಕ್ಕ ತೋರಿಸಿದ್ದು ಅದಕ್ಕಿಂತ ತಪ್ಪು. ನನ್ನನ್ನ ಮ್ಯಾನೇಜರ್ ಥರ ಒಪ್ಪಿಸೋಕೆ ನೋಡ್ದೆ.’

ಸ್ವಲ್ಪ ಹೊತ್ತು ಬಿಟ್ಟು ಫೋನ್ ತೆಗೆದು ಆ ಶೀಟನ್ನೇ ತೆರೆದಳು. ಮೇಲಿದ್ದ ‘ಇನ್ವೆಸ್ಟ್‌ಮೆಂಟ್’ ಅಳಿಸಿ ‘ಖರ್ಚು’ ಅಂತ ಬರೆದಳು. ಮಾರೋ ಬೆಲೆಯನ್ನ ಖಾಲಿ ಬಿಟ್ಟಳು. ಎಂಟನ್ನು ಮೂರು ಮಾಡಿ ನನ್ನ ಮುಖ ನೋಡಿದಳು. ನಾನು ಅದನ್ನ ಎರಡು ಮಾಡಿದೆ.

ಫ್ರಾಯ್ಡೆನ್‌ಸ್ಟಾಟ್‌ನ ದೊಡ್ಡ ಚೌಕದಲ್ಲಿ ಗಾಡಿ ನಿಲ್ಲಿಸಿ ಊರಿಗೆ ವೀಡಿಯೊ ಕಾಲ್ ಮಾಡಿದೆವು. ಅಪ್ಪ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು, ಸೈಟು, ಬಂಗಾರ, ಎಫ್‌ಡಿ ಬಿಟ್ಟು ಬೇರೆ ದೇವರನ್ನ ನಂಬದವರು. ‘ಎಷ್ಟಾತಪ್ಪಾ?’ ಅಂದ್ರು. ರೂಪಾಯಿಯಲ್ಲಿ ಹೇಳಿದೆ, ಹತ್ತಿರ ಹನ್ನೆರಡು ಲಕ್ಷ. ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ. ಅಮ್ಮ ಫೋನ್ ಇಸ್ಕೊಂಡ್ರು, ‘ಎರಡೇ ಸೀಟು ಐತಲ್ಲೋ. ಜೂನ್‌ನಾಗ ನಾವು ಬಂದ್ರೆ ಎಲ್ಲಿ ಕುಂದ್ರಬೇಕು?’

ಬಂದರು. ಅಪ್ಪನಿಗೊಂದು ಸುತ್ತು, ಅಮ್ಮನಿಗೊಂದು ಸುತ್ತು, ಬೇರೆ ಬೇರೆ. ವಿಮಾನ ನಿಲ್ದಾಣಕ್ಕೆ ದೊಡ್ಡ ಕಾರು ಬಾಡಿಗೆ ತಂದಿದ್ದೆವು, ಆ ಬಾಡಿಗೆಯನ್ನೂ ಅವಳು ‘ಖರ್ಚು’ ಶೀಟಿಗೇ ಸೇರಿಸಿದಳು. ಅಪ್ಪ ಸುತ್ತು ಮುಗಿಸಿ, ಸೀಟಿನಿಂದ ನನ್ನ ಕೈ ಹಿಡ್ಕೊಂಡು ಎದ್ದು, ಬಾನೆಟ್ ತೆಗೆಯೋಕೆ ಹೇಳಿದರು. ಎಂಜಿನ್ ನೋಡಬೇಕಿತ್ತಂತೆ. ತೆಗೆದರೆ ಅಲ್ಲಿ ಅಮ್ಮ ತಂದಿದ್ದ ಉಪ್ಪಿನಕಾಯಿ ಡಬ್ಬಿ, ಚಟ್ನಿಪುಡಿ, ಎರಡು ಕೆಜಿ ಮಂಡಕ್ಕಿ.

ಅಕ್ಟೋಬರ್ 31ಕ್ಕೆ ಪ್ಲೇಟಿನ ಅವಧಿ ಮುಗಿದು ಕಾರು ಈಗ ಗ್ಯಾರೇಜಿನಲ್ಲಿದೆ. ತೂತುಗಳ ಎಲೆ ತೆಗೆದಿದ್ದೀನಿ. ನಮ್ಮಿಬ್ಬರ ಕ್ಯಾಲೆಂಡರಿನಲ್ಲಿ 2026ರ ಮೇ ತಿಂಗಳಿಗೆ ಅವಳು ಒಂದು ಸಾಲು ಹಾಕಿದ್ದಾಳೆ: ‘ಕಾರು ಮಾರೋದು’. ಮೊನ್ನೆ ನೋಡಿದರೆ ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಬಂದಿತ್ತು. ನಾನು ಹಾಕಿದ್ದಲ್ಲ.