ಕೇಳುವವರಿದ್ದರು

1998ರ ಮೇ 11, ಬುದ್ಧ ಪೂರ್ಣಿಮೆ. ಸಂಜೆ ಪೋಖ್ರಾನಿನ ಅಣುಬಾಂಬು ಪರೀಕ್ಷೆಯ ಸುದ್ದಿ ಬಂದದ್ದೇ ತಡ, ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಪೇಡೆ ಹಂಚಿದರು. ನಾನೂ ಒಂದು ತಿಂದು, ಇನ್ನೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಓಡಿದೆ. ಅವರು ಜಗಲಿಯ ಮೇಲೆ ಕೂತು ಅಡಿಕೆ ಹೋಳು ಮಾಡುತ್ತಿದ್ದರು. ಪೇಡೆಯನ್ನು ಪಕ್ಕಕ್ಕಿಟ್ಟು, "ಪಾರ್ಲಿಮೆಂಟಿಗೆ ಮೊದಲೇ ಗೊತ್ತಿತ್ತೇನೋ?" ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮ ಕೃಷ್ಣಮೂರ್ತಿ ರಾಯರು ಇದ್ದಿದ್ರೆ ಕೇಳ್ತಿದ್ರು ಕಣೋ" ಎಂದು ಮತ್ತೆ ಅಡಕತ್ತರಿ ಎತ್ತಿಕೊಂಡರು.

ಆ ರಾಯರು ಯಾರೆಂದು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಮೈಸೂರು ಸಂಸ್ಥಾನದಿಂದ ಸಂವಿಧಾನ ಸಭೆಗೆ ಹೋಗಿದ್ದ ಎಸ್. ವಿ. ಕೃಷ್ಣಮೂರ್ತಿ ರಾವ್. 1948ರ ಏಪ್ರಿಲಿನಲ್ಲಿ ನೆಹರೂ ಅಣುಶಕ್ತಿ ಮಸೂದೆಯನ್ನು ಸಭೆಯ ಮುಂದಿಟ್ಟಾಗ ಇವರು ಎದ್ದು ನಿಂತರು. ಬ್ರಿಟನ್ನಿನ ಕಾನೂನು, ಅಮೆರಿಕದ ಕಾನೂನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಅಲ್ಲೆಲ್ಲೂ ಇಲ್ಲದಷ್ಟು ಗುಟ್ಟು ನಮ್ಮಲ್ಲಿ ಏಕೆ, ಶಾಂತಿಗಾಗಿ ಮಾಡುವ ಸಂಶೋಧನೆಯನ್ನೂ ಮುಚ್ಚಿಡಬೇಕೇ ಎಂದು ಕೇಳಿದರು. ಶಾಂತಿಯದನ್ನೂ ಯುದ್ಧದ್ದನ್ನೂ ಬೇರ್ಪಡಿಸುವುದು ಹೇಗೆಂದು ತಮಗೆ ತಿಳಿಯುತ್ತಿಲ್ಲ ಎಂದರು ನೆಹರೂ. ಮಸೂದೆ ಪಾಸಾಯಿತು. ರಾಯರು ಮುಂದೆ ಶಿವಮೊಗ್ಗದಿಂದ ಗೆದ್ದು ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. ಆದರೆ ನೆಹರೂ ಅವರನ್ನು, ಆ ಕಾಲದ ನೆಹರೂ ಅವರನ್ನು, ಅವರದೇ ಪಕ್ಷದವರೊಬ್ಬರು ಎದ್ದು ನಿಂತು ಹಾಗೆ ಕೇಳಿದರಲ್ಲ, ಅದು ನೆನಪಾದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ರಾಯರು ಬೊಟ್ಟು ಮಾಡಿ ತೋರಿಸಿದ ಆ ಅಮೆರಿಕದ ಕಾನೂನಿಗೆ ಆಮೇಲೆ ಏನಾಯಿತು ಎಂಬುದು ಇನ್ನೂ ಸಂಕಟದ ಕಥೆ.

1946ರ ಆ ಕಾನೂನು ಬಾಂಬನ್ನು ಸೈನ್ಯದ ಕೈಗೆ ಕೊಡಲಿಲ್ಲ. ಅದು ಇದ್ದದ್ದು ಸೇನೆಯವರಲ್ಲದವರ ಆಯೋಗದ ವಶದಲ್ಲಿ. 1948ರ ಜುಲೈನಲ್ಲಿ ರಕ್ಷಣಾ ಕಾರ್ಯದರ್ಶಿಯೇ ಬಂದು ಕೇಳಿದರೂ ಅಧ್ಯಕ್ಷ ಟ್ರೂಮನ್ ಒಪ್ಪಲಿಲ್ಲ. ಕೊರಿಯಾ ಯುದ್ಧದ ಬಿಸಿಯಲ್ಲಿ, 1951ರ ಏಪ್ರಿಲಿನಲ್ಲಿ, ಒಂಬತ್ತು ಬಾಂಬುಗಳ ತಿರುಳನ್ನು ವಾಯುಸೇನೆಗೆ ಒಪ್ಪಿಸಲು ಅಧ್ಯಕ್ಷರೇ ಆಯೋಗದ ಮುಖ್ಯಸ್ಥರನ್ನು ಕರೆದು ಮಾತಾಡಬೇಕಾಯಿತು. ಒಂಬತ್ತೇ ಒಂಬತ್ತು! ಇವೆಲ್ಲದರ ಮೇಲೂ ಕಣ್ಣಿಡಲು ಸಂಸತ್ತಿನ ಜಂಟಿ ಸಮಿತಿಯೊಂದಿತ್ತು. ಸೆನೆಟಿನಿಂದ ಒಂಬತ್ತು, ಕೆಳಮನೆಯಿಂದ ಒಂಬತ್ತು ಜನ. ಆಯೋಗ ಏನು ಮಾಡಿದರೂ ಆಗಿಂದಾಗ್ಗೆ ಈ ಹದಿನೆಂಟು ಮಂದಿಗೆ ತಿಳಿಸಲೇಬೇಕೆಂದು ಕಾನೂನೇ ಹೇಳಿತ್ತು.

ಅವರು ವರದಿ ಓದಿ ಸುಮ್ಮನಾಗುವ ಜನವಲ್ಲ. 1960ರ ಕೊನೆಯಲ್ಲಿ ಸಮಿತಿಯವರು ಯುರೋಪಿನ ಸೇನಾನೆಲೆಗಳನ್ನು ನೋಡಲು ಹೊರಟರು. ಜೊತೆಯಲ್ಲಿ ಲಾಸ್ ಅಲಾಮೋಸಿನ ವಿಜ್ಞಾನಿ ಹೆರಾಲ್ಡ್ ಆಗ್ನ್ಯೂ. ಜರ್ಮನಿಯ ಒಂದು ವಿಮಾನನೆಲೆಯಲ್ಲಿ, ಓಡುದಾರಿಯ ಮೇಲೆ, ಯಾವ ಗಳಿಗೆಗೆ ಬೇಕಾದರೂ ಹಾರಲು ಸಿದ್ಧವಾದ ಯುದ್ಧವಿಮಾನಗಳು ನಿಂತಿದ್ದವು. ಮೈಮೇಲೆ ಜರ್ಮನಿಯ ಗುರುತು, ಅಡಿಯಲ್ಲಿ ಅಮೆರಿಕದ ಅಣುಬಾಂಬು. ಹಿಟ್ಲರ್ ಸತ್ತು ಆಗಿನ್ನೂ ಹದಿನೈದು ವರ್ಷ. ಕಾವಲಿಗೆ ಇದ್ದವನು ಬಂದೂಕು ಹಿಡಿದ ಒಬ್ಬನೇ ಒಬ್ಬ ಅಮೆರಿಕನ್ ಸಿಪಾಯಿ, ಮೀಸೆ ಚಿಗುರುವ ವಯಸ್ಸಿನವನು. ಇವರೆಲ್ಲ ಓಡಿಬಂದು ವಿಮಾನ ಹತ್ತಿ ಹೊರಟರೆ ನೀನೇನು ಮಾಡುತ್ತೀಯಪ್ಪ ಎಂದು ಆಗ್ನ್ಯೂ ಕೇಳಿದರು. ಹುಡುಗನ ಹತ್ತಿರ ಉತ್ತರವಿರಲಿಲ್ಲ.

ಸಮಿತಿ ಊರಿಗೆ ಮರಳಿ, ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ಕೆನಡಿಯ ಮುಂದೆ ಇದನ್ನೆಲ್ಲ ಇಟ್ಟಿತು. 1962ರಲ್ಲಿ ಯುರೋಪಿನಲ್ಲಿದ್ದ ಬಾಂಬುಗಳಿಗೆ ಸಂಕೇತದ ಬೀಗ ಹಾಕಲು ಆದೇಶವಾಯಿತು. ಚುನಾಯಿತರಾದ ಕೆಲವರು ಖುದ್ದಾಗಿ ಹೋಗಿ, ಕಣ್ಣಾರೆ ನೋಡಿ ಬಂದು ಗಲಾಟೆ ಮಾಡಿದ್ದಕ್ಕೆ ಬಿದ್ದ ಬೀಗ ಅದು.

ಒಂದು ಮಾತನ್ನು ಮುಚ್ಚಿಡಬಾರದು. ಬಾಂಬು ಹಾಕುವ ಕೊನೆಯ ಅಪ್ಪಣೆ ಆಗಲೂ ಅಧ್ಯಕ್ಷರದೇ. ಯುದ್ಧ ಸಾರುವ ಹಕ್ಕು ಸಂಸತ್ತಿನದು ಎಂದು ಸಂವಿಧಾನದಲ್ಲಿದ್ದರೂ ಅಣುಬಾಂಬಿನ ವಿಷಯಕ್ಕೆ ಅದು ಎಟುಕಲಿಲ್ಲ. ಸಂಸತ್ತಿನ ಒಪ್ಪಿಗೆಯಿಲ್ಲದೆ ಮೊದಲ ಅಣ್ವಸ್ತ್ರ ಪ್ರಯೋಗ ಬೇಡವೆಂದು 1972ರಲ್ಲಿ ಸೆನೆಟರ್ ಫುಲ್‌ಬ್ರೈಟ್ ತಂದ ತಿದ್ದುಪಡಿ ಸೋತಿತು. ಮರುವರ್ಷ ಹೆರಾಲ್ಡ್ ಹೆರಿಂಗ್ ಎಂಬ ವಾಯುಸೇನೆಯ ಮೇಜರ್, ಕ್ಷಿಪಣಿ ತರಬೇತಿಯಲ್ಲಿದ್ದಾಗ, ಆದೇಶ ಕೊಟ್ಟ ಅಧ್ಯಕ್ಷರ ಬುದ್ಧಿ ಸ್ವಸ್ಥವಾಗಿತ್ತೆಂದು ತಿಳಿಯುವುದು ಹೇಗೆ ಎಂದು ಕೇಳಿದ. ಆ ಒಂದು ಪ್ರಶ್ನೆಗೆ ಅವನ ನೌಕರಿಯೇ ಹೋಯಿತು. 1977ರಲ್ಲಿ ಜಂಟಿ ಸಮಿತಿಯೂ ಮುಚ್ಚಿತು. ಅದೇನೂ ದೋಷವಿಲ್ಲದ ಸಮಿತಿಯಲ್ಲ. ಎಷ್ಟೋ ಸಲ ಆ ಆಯೋಗದ ಪರ ವಕಾಲತ್ತು ವಹಿಸಿದ್ದೇ ಹೆಚ್ಚು. ಆದರೂ ಅಷ್ಟು ಅಧಿಕಾರವಿದ್ದ ಇನ್ನೊಂದು ಸಮಿತಿ ಅದರ ಜಾಗಕ್ಕೆ ಬರಲಿಲ್ಲ.

ಬಾಂಬು ಹಾಕುವ ಅಧಿಕಾರ ಯಾರದೆಂಬ ಬಗ್ಗೆ ಸಂಸತ್ತಿನ ಸಮಿತಿಯೊಂದು 1976ರಲ್ಲಿ ವಿಚಾರಣೆ ನಡೆಸಿತ್ತು. ಮತ್ತೆ ಅಂಥದೊಂದು ನಡೆದದ್ದು 2017ರ ನವೆಂಬರ್ 14ರಂದು. ನಡುವೆ ನಲವತ್ತೊಂದು ವರ್ಷ! ಕಾನೂನಿಗೆ ವಿರುದ್ಧವಾದ ಆದೇಶ ಬಂದರೆ ಸೇನೆ ಪಾಲಿಸಬೇಕಿಲ್ಲ ಎಂದರು ಅಣ್ವಸ್ತ್ರ ಪಡೆಯ ಮಾಜಿ ದಂಡನಾಯಕ ರಾಬರ್ಟ್ ಕೆಹ್ಲರ್. ಪಾಲಿಸದಿದ್ದರೆ ಮುಂದೇನಾಗುತ್ತದೆ ಎಂದಾಗ, ತನಗೆ ಸರಿಯಾಗಿ ಗೊತ್ತಿಲ್ಲ ಎಂದುಬಿಟ್ಟರು. ಅದನ್ನು ಓದುವಾಗ ನನಗೆ ಜರ್ಮನಿಯ ಓಡುದಾರಿಯ ಮೇಲೆ ನಿಂತಿದ್ದ ಆ ಹುಡುಗ ಕಣ್ಣಿಗೆ ಕಟ್ಟಿದ. ಯುದ್ಧ ಸಾರದೆ ಅಧ್ಯಕ್ಷರು ಮೊದಲು ಬಾಂಬು ಹಾಕಕೂಡದೆಂದು ಅಲ್ಲಿನ ಸಂಸದರಾದ ಮಾರ್ಕಿ ಮತ್ತು ಲ್ಯೂ 2016ರಲ್ಲೇ ತಂದ ಮಸೂದೆ ಮತ್ತೆ ಮತ್ತೆ ಮಂಡನೆಯಾಗಿಯೂ ಪಾಸಾಗಲಿಲ್ಲ.

ನಮ್ಮಲ್ಲಂತೂ 2003ರ ಜನವರಿ 4ರಂದು ಸಂಪುಟದ ಭದ್ರತಾ ಸಮಿತಿ ಕೂತು, ಪ್ರಧಾನಿಯ ಅಧ್ಯಕ್ಷತೆಯ ರಾಜಕೀಯ ಮಂಡಳಿಗೆ ಮಾತ್ರ ಬಾಂಬು ಹಾಕುವ ಅಪ್ಪಣೆ ಕೊಡುವ ಹಕ್ಕು ಎಂದು ಪ್ರಕಟಿಸಿತು. ನಾವು ಮೊದಲು ಬಳಸುವುದಿಲ್ಲ ಎಂಬ ಮಾತೂ ಅದರಲ್ಲೇ ಇದೆ. ನನಗೆ ಅಭಿಮಾನದ ಮಾತೇ ಅದು. ಆದರೆ ಅದು ಸಂಪುಟದ ಮಾತು, ಸಂಸತ್ತು ಮಾಡಿದ ಕಾನೂನಲ್ಲ.

1998ರ ಆ ಪೋಖ್ರಾನ್ ಬಗ್ಗೆ ಪ್ರಧಾನಿ ವಾಜಪೇಯಿ ಲೋಕಸಭೆಯಲ್ಲಿ ಹೇಳಿಕೆ ಕೊಟ್ಟದ್ದು ಮೇ 27ಕ್ಕೆ, ಸ್ಫೋಟವಾಗಿ ಹದಿನಾರು ದಿನಗಳ ಮೇಲೆ. ಮರುದಿನ ನಾನು ಮೇಷ್ಟ್ರ ಮನೆಗೆ ಹೋದಾಗ ಜಗಲಿಯ ತುಂಬ ಪೇಪರು ಹರಡಿತ್ತು. ಪೇಪರು ತಿದ್ದುವ ಹಳೇ ಕೆಂಪು ಪೆನ್ಸಿಲ್ ಹಿಡಿದು, ಯಾರು ಯಾರು ಏನೇನು ಕೇಳಿದ್ದಾರೆ ಅಂತ ಒಂದೊಂದು ಸಾಲಿಗೂ ಗೆರೆ ಹಾಕುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದವರೇ, "ಕೇಳಿದಾರೆ ಕಣೋ, ಬಾ ಇಲ್ಲಿ, ಕೂತ್ಕೋ" ಎಂದು ಪೇಪರು ಸರಿಸಿ ಜಾಗ ಮಾಡಿಕೊಟ್ಟರು.