ಚೆನ್ನೆಮಣೆ ಯಾರದ್ದು?

ಕಳೆದ ಆಟಿಯಲ್ಲಿ ಮುಂಡಾಜೆಯ ತಂಗಿಯ ಮನೆಗೆ ಹೋಗಿದ್ದೆವು. ಚಾರ್ಮಾಡಿ ಕಡೆಯಿಂದ ಮಳೆ ಬಿಡದೆ ಸುರಿಯುತ್ತಿತ್ತು. ಕಾಲೇಜಿಗೆ ರಜೆ ಸಿಕ್ಕಿದ್ದ ಅಳಿಯ ಅಟ್ಟದಿಂದ ನಮ್ಮ ಹೈಸ್ಕೂಲು ದಿನಗಳ ಟಿವಿ ಗೇಮ್ ಇಳಿಸಿದ್ದ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲು ಅದು. ಅದಕ್ಕೆ ಅವನೇ ಒಂದು ಹೊಸ ಆಟ ಬರೆದಿದ್ದ. ಚೆನ್ನೆಮಣೆ! 14 ಗುಳಿ, ಗುಳಿಗೆ 4 ಕಾಯಿ. ಆಟಿಯಲ್ಲಿ ಅಜ್ಜಿಯಂದಿರು ಆಡುತ್ತಿದ್ದುದು ಪರದೆಯ ಮೇಲೆ ಬಂದದ್ದು ಕಂಡು ಹಿಗ್ಗಿದೆವು.

ಗೆದ್ದಾಗ ಮಾತ್ರ ನಿಂಟೆಂಡೊದ ಮೀಸೆಯ ಮಾರಿಯೊ ಕುಣಿದ. ಹಿನ್ನೆಲೆಯಲ್ಲಿ ಸಿನಿಮಾ ಹಾಡಿನ ರಾಗ.

"ಕೇಳಿ ತೆಗೆದುಕೊಂಡೆಯಾ?"

"ಮಾರುವುದಿಲ್ಲವಲ್ಲ ಮಾಮು, ಪುಕ್ಕಟೆ ಹಂಚುವುದು."

ಈ ಮಾತನ್ನು ನಾವು ಹಿಂದೆಯೂ ಕೇಳಿದ್ದೆವು. ಒಂದು ತಂಡ ನಮ್ಮ ಕಥೆಯನ್ನು ನಾಟಕ ಮಾಡಿತ್ತು. ಪ್ರೇಕ್ಷಕರ ನಡುವೆ ಕುಳಿತಿದ್ದ ನಮ್ಮ ಹೆಸರನ್ನು ಯಾರೂ ಹೇಳಲಿಲ್ಲ. ವಿಚಾರಿಸಿದರೆ, "ಟಿಕೆಟ್ ಇರಲಿಲ್ಲವಲ್ಲ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಹಣದ ಮಾತಲ್ಲ, ನಮ್ಮ ಮಗುವನ್ನು ಅನಾಥವೆಂದು ಪರಿಚಯಿಸಿದ ಹಾಗಾಗಿತ್ತು.

ಹಾಗೆಂದು ಅಳಿಯನನ್ನು ಗದರಿಸುವ ಬಾಯಿ ನಮಗೆಲ್ಲಿದೆ? ನಾವು ಚಿಲ್ಲರೆ ಕೂಡಿಸಿ ಕೊಂಡಿದ್ದ '9999 ಆಟ'ಗಳ ಕ್ಯಾಸೆಟ್ಟೂ ಕದ್ದ ಮಾಲೇ ಆಗಿತ್ತು.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಚೆನ್ನೆಯ ಆಟದ ಕ್ರಮ ಯಾರ ಸೊತ್ತೂ ಅಲ್ಲ. 'ಹಮ್ ಹಿಂದೂಸ್ತಾನಿ' ನಾಟಕ ಬರೆದ ಆರ್.ಜಿ. ಆನಂದ್ ಸಿನಿಮಾದವರ ಮೇಲೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದು ಇದೇ: ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಬೇರೆಯವರ ಯಂತ್ರಕ್ಕೆ ಹೊಸ ಆಟ ಬರೆಯಲೆಂದು ಆ ಯಂತ್ರದ ಒಳಗುಟ್ಟು ಬಿಡಿಸಿ ನೋಡುವುದು ತಪ್ಪಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1992ರಲ್ಲಿ, ಸೆಗಾ ಮತ್ತು ಅಕೋಲೇಡ್ ಕಂಪನಿಗಳ ಮೊಕದ್ದಮೆಯಲ್ಲಿ ಒಪ್ಪಿದೆ. ಆದರೆ ಮಾರಿಯೊನ ಚಿತ್ರ, ಹಾಡಿನ ರಾಗ ಇನ್ನೊಬ್ಬರವು. ನಮ್ಮ 1957ರ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಕಥೆಯಂತೆಯೇ ಸಾಹಿತ್ಯ ಕೃತಿ. ಅದರ ಹಕ್ಕು ಬರೆದವರ ಆಯುಷ್ಯ ಮುಗಿದ ಮೇಲೂ 60 ವರ್ಷ ಉಳಿಯುತ್ತದೆ.

ಕೊನೆಗೆ ಅವನೇ ಮೆಲ್ಲಗೆ ಬಾಯಿಬಿಟ್ಟ. ಸದ್ದು ಹೊರಡಿಸುವ ಭಾಗ ಪರದೇಶದ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದಂತೆ. ಹೆಸರು ಉಳಿಸಬೇಕೆಂಬುದೊಂದೇ ಷರತ್ತು. ಜಾಗ ಸಾಲದೆಂದು ಇವನು ಆ ಸಾಲನ್ನೇ ಅಳಿಸಿದ್ದ. ಆ ಕಾಲದ ಸಣ್ಣ ಕ್ಯಾಸೆಟ್ಟಿನಲ್ಲಿ ಹಿಡಿಸುವುದು 40 ಕಿಲೋಬೈಟ್ ಮಾತ್ರ, ನಿಜ. ಆದರೂ ಒಂದು ಹೆಸರಿಗೆ ಎಷ್ಟು ಜಾಗ ಬೇಕು? ನಂಬಿ ಕೊಟ್ಟದ್ದು ಅಮಾನತ್ತು. ಪುಕ್ಕಟೆ ಸಿಕ್ಕಿತೆಂದು ಅದರ ಹಕ್ಕು ಕಡಿಮೆಯಾಗುವುದಿಲ್ಲ.

ಸಂಜೆಯೊಳಗೆ ಮಾರಿಯೊ ಹೋದ, ಸಿನಿಮಾ ರಾಗದ ಬದಲು ದಫ್ಫಿನ ತಾಳ ಬಂತು, ಅಳಿಸಿದ್ದ ಹೆಸರು ಮರಳಿತು.

"ನನ್ನ ಆಟಕ್ಕೆ ಏನು ಷರತ್ತು ಬರೆಯಲಿ?" ಎಂದ. 2014ರಲ್ಲಿ ನಿರಂಜನರ ಕೃತಿಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹೊರಬಂದುದನ್ನು ಹೇಳಿದೆವು: ಹೆಸರು ಹೇಳಿ ಬಳಸಿರಿ, ಬದಲಿಸಿದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಿರಿ. ಅವನು ಹಾಗೆಯೇ ಬರೆದ. ಆಮೇಲೆ ನಮ್ಮತ್ತ ತಿರುಗಿ, "ನಿಮ್ಮ ಕಥೆಗಳಿಗೆ, ಮಾಮು?" ಎಂದ.

ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು. ಉತ್ತರ ನಮ್ಮಲ್ಲಿ ಸಿದ್ಧವಿರಲಿಲ್ಲ.