ಫಾರ್ಮ್ಯಾಟ್ ಹೊಡೀಲೇಬೇಕಾ?

"ಫಾರ್ಮ್ಯಾಟ್ ಹೊಡೀಲೇಬೇಕಕ್ಕಾ. ಪ್ರೊಸೆಸರ್ ಬದಲಾದ್ರೆ ವಿಂಡೋಸ್ ಮತ್ತೆ ಹಾಕ್ಲೇಬೇಕು."

ಹೊಳಲ್ಕೆರೆಯ ಪುಟ್ಟ ಕಂಪ್ಯೂಟರ್ ಅಂಗಡಿಯ ಹುಡುಗ ಹೀಗಂದ ಕೂಡಲೇ ನಾನು ಸಿಪಿಯು ಡಬ್ಬಿಯನ್ನು ಮತ್ತೆ ಸ್ಕೂಟಿಯ ಮುಂದಿಟ್ಟುಕೊಂಡು ಮನೆಗೆ ವಾಪಸ್ ಬಂದೆ. ಅವನಿಗೆ ಆಶ್ಚರ್ಯವಾಗಿರಬೇಕು. ಫಾರ್ಮ್ಯಾಟ್ ಎಂಬ ಮಾತು ಕೇಳಿದರೆ ನನಗೆ ಅಜ್ಜಿ ನೆನಪಾಗುತ್ತಾಳೆ ಅಂತ ಅವನಿಗೇನು ಗೊತ್ತು?

2018ರಲ್ಲಿ, ಡಿಗ್ರಿಯ ಕೊನೆಯ ವರ್ಷ, ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇದೇ ಕಂಪ್ಯೂಟರಿಗೆ ಹಾಕಿದ್ದೆ. ವೈರಸ್ ಬಂದು ಯಂತ್ರ ಕೈಕೊಟ್ಟಿತು. ರಿಪೇರಿಗೆ ಬಂದವರು "ಡಿ ಡ್ರೈವ್‌ನಲ್ಲಿರೋದು ಏನೂ ಹೋಗಲ್ಲ" ಅಂದರು. ನಾನು ತಲೆಯಾಡಿಸಿದೆ. ಪರದೆಯ ಮೇಲೆ ಕಣ್ಣೆದುರೇ ಇರುವ ಡೆಸ್ಕ್‌ಟಾಪ್ ಫೋಲ್ಡರು ಸಿ ಡ್ರೈವ್‌ನೊಳಗೇ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹನ್ನೊಂದು ಹಾಡು ಹೋದವು. ಅಜ್ಜಿಗೆ ಹೇಳಿದರೆ ನಕ್ಕು, "ಇನ್ನೊಂದ್ಸಲ ಹಾಡಿದ್ರಾಯ್ತು ಬಿಡು" ಅಂದಳು. ಹಾಡಿದಳು ಕೂಡ. ಎರಡು ಹಾಡಿಗೇ ಉಸಿರು ಸಾಕಾಯಿತು. ಮರುವರ್ಷ ಅಜ್ಜಿ ಇರಲಿಲ್ಲ.

ಈಗ ನಾನು ಸಂಶೋಧನೆ ಮಾಡುತ್ತಿರುವುದು ಹೆಣ್ಣುಮಕ್ಕಳ ಹಾಡುಗಳ ಮೇಲೆಯೇ. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಕೂಡಿಸಿದ ಧ್ವನಿಮುದ್ರಣ ಅರವತ್ತು ಗಂಟೆ ದಾಟಿದೆ. ಅದರೊಳಗಿನ ಫ್ಯಾನು, ಕೋಳಿ, ಟ್ರ್ಯಾಕ್ಟರಿನ ಸದ್ದು ತೆಗೆಯಲು ಕೂತರೆ ನಮ್ಮ ಹಳೆಯ ಕೋರ್ ಐ3 6100 ಪ್ರೊಸೆಸರ್ ಏದುಸಿರು ಬಿಡುತ್ತದೆ. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಐ5 6500 ತರಿಸಿದ್ದೆ. ಹಳೆಯದರಲ್ಲಿ ಎರಡು ಕೋರ್, ಇದರಲ್ಲಿ ನಾಲ್ಕು. ತರಿಸಿದ ಮೇಲೆ ಈ ಫಾರ್ಮ್ಯಾಟಿನ ಮಾತು.

ಸಂಶೋಧನೆ ಕಲಿಸುವುದು ಇದನ್ನೇ ಅಲ್ಲವೇ? ಎಲ್ಲರೂ ಹೇಳುವ ಮಾತು ಎಲ್ಲಿಂದ ಬಂತು ಅಂತ ಹುಡುಕುವುದು. ಮೂರು ರಾತ್ರಿ ಓದಿದೆ. ಹುಡುಗನ ಮಾತು ಸುಳ್ಳಲ್ಲ, ಹಳೆಯದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಇನ್‌ಸ್ಟಾಲ್ ಮಾಡುವಾಗಲೇ ಯಂತ್ರದಲ್ಲಿರುವುದು ಒಂದೇ ಕೋರಿನ ಪ್ರೊಸೆಸರೋ ಹೆಚ್ಚಿನದೋ ನೋಡಿ, ಅದಕ್ಕೆ ತಕ್ಕ ಒಂದು ಪದರವನ್ನು ಒಳಗೆ ಕೂರಿಸುತ್ತಿತ್ತು. ಆಮೇಲೆ ಪ್ರೊಸೆಸರ್ ಬದಲಿಸಿದರೆ ತೊಂದರೆ ಬರುತ್ತಿತ್ತು. ಆಗ ಮತ್ತೆ ಇನ್‌ಸ್ಟಾಲ್ ಮಾಡುವುದೇ ಸುಲಭದ ದಾರಿ. ವಿಸ್ಟಾದಿಂದೀಚೆಗೆ ಅದನ್ನು ಪ್ರತಿಸಲ ಆನ್ ಆಗುವಾಗಲೇ ಗುರುತಿಸುತ್ತದೆ. 'ನೀನು ಯಾರು?' ಅಂತ ಪ್ರೊಸೆಸರನ್ನು ಕೇಳುತ್ತದೆ, ಉತ್ತರ ಪಡೆದು ಮುಂದೆ ಹೋಗುತ್ತದೆ. ಐ3, ಐ5 ಎರಡಕ್ಕೂ ತಿಳಿಯುವ ಭಾಷೆ ಒಂದೇ. ಹಾರ್ಡ್ ಡಿಸ್ಕ್, ಮದರ್‌ಬೋರ್ಡ್ ಎರಡೂ ಹಳೆಯವೇ ಇರುವಾಗ ಫೈಲುಗಳನ್ನು ಅಳಿಸಲು ಕಾರಣವೇ ಇಲ್ಲ.

ಮದರ್‌ಬೋರ್ಡನ್ನೇ ಬದಲಿಸಿದರೆ ಲೆಕ್ಕ ಬೇರೆ. ಆಗ ವಿಂಡೋಸ್ ಲೈಸೆನ್ಸು ಇದು ಬೇರೆ ಯಂತ್ರವೆಂದು ಎಣಿಸಿ ಮತ್ತೆ ಆಕ್ಟಿವೇಟ್ ಮಾಡು ಅನ್ನಬಹುದು. ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸನ್ನು ಮೊದಲೇ ಜೋಡಿಸಿಟ್ಟಿದ್ದರೆ ಸುಲಭ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದವರು ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಆ ಬೀಗದ ಗುಟ್ಟು ಪ್ರೊಸೆಸರಿನೊಳಗೇ ಇರುತ್ತದೆ, ಅದು ಹೋದರೆ ಗುಟ್ಟೂ ಹೋಯಿತು. ಇನ್ನು, ಸಾಕೆಟ್ ಹೆಸರು ಒಂದೇ ಅಂತ ಸಿಕ್ಕಿದ್ದನ್ನು ಕೊಳ್ಳುವಂತೆಯೂ ಇಲ್ಲ. ನಮ್ಮ ಬೋರ್ಡಿನದು 1151 ಸಾಕೆಟ್. ಎಂಟನೇ ತಲೆಮಾರಿನ ಪ್ರೊಸೆಸರಿನದೂ 1151. ಆದರೂ ಒಂದಕ್ಕೊಂದು ಹೊಂದುವುದಿಲ್ಲ.

ಫಾರ್ಮ್ಯಾಟಿಗೆ ಹೆದರಲು ನನಗೆ ಇನ್ನೊಂದು ಕಾರಣವಿತ್ತು. ನನ್ನ ಮೊದಲ ಎರಡು ಅಧ್ಯಾಯ ನುಡಿಯ ಹಳೆಯ ಫಾಂಟಿನಲ್ಲಿವೆ, ಯೂನಿಕೋಡಿನಲ್ಲಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲು ಇದ್ದೂ ಇಲ್ಲದ ಹಾಗೆ. ನುಡಿಯಲ್ಲಿ ಟೈಪ್ ಮಾಡಿದ ಪ್ರಬಂಧ ಇಟ್ಟುಕೊಂಡವರಿಗೆಲ್ಲ ಈ ಗಾಬರಿ ಪರಿಚಯವಿರುತ್ತದೆ.

ನಾಲ್ಕನೇ ದಿನ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಮತ್ತೆ ಅದೇ ಅಂಗಡಿಗೆ ಹೋದೆ. "ಫಾರ್ಮ್ಯಾಟ್ ಬೇಡ ತಮ್ಮಾ. ಪ್ರೊಸೆಸರ್ ಅಷ್ಟೇ ಹಾಕು. ಆನ್ ಆಗದಿದ್ರೆ ನನ್ನ ಹಣೆಬರಹ" ಅಂದೆ. ಅವನು ಒಲ್ಲದ ಮನಸ್ಸಿನಿಂದಲೇ ಫ್ಯಾನು ಬಿಚ್ಚಿ, ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ಅಂಗೈ ಮೇಲಿಟ್ಟುಕೊಂಡು ಮೂಲೆಯ ಗುರುತು ನೋಡಿ ಸಾಕೆಟ್ಟಿನಲ್ಲಿ ಕೂರಿಸಿದ. ಬಟನ್ ಒತ್ತಿದ. ನಾನು ಬೀದಿಯ ಕಡೆ ಮುಖ ಮಾಡಿ ನಿಂತೆ.

"ಅಕ್ಕಾ, ಬಂತು."

ವಿಂಡೋಸ್ ತುಸು ತಡಮಾಡಿ, 'ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ' ಎಂಬರ್ಥದ ಸಾಲೊಂದನ್ನು ತೋರಿಸಿ, ನಮ್ಮ ಅಡಿಕೆ ತೋಟದ ಚಿತ್ರವಿರುವ ಅದೇ ಪರದೆಗೆ ಬಂದು ನಿಂತಿತು. ನುಡಿ ತೆರೆಯಿತು. ಅಧ್ಯಾಯಗಳು ಕನ್ನಡದಲ್ಲೇ ಇದ್ದವು. ಕೊನೆಗೆ ಅಜ್ಜಿಯ ಎರಡು ಹಾಡಿನ ಫೋಲ್ಡರ್ ತೆರೆದು ಮೊದಲನೆಯದನ್ನು ಹಚ್ಚಿದೆ. ನಡುವೆ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲುವ ಜಾಗವನ್ನೂ ಕೇಳಿದೆ. ಸದ್ದು ತೆಗೆಯುವ ಸಾಫ್ಟ್‌ವೇರನ್ನು ಆ ಫೈಲಿಗೆ ಮಾತ್ರ ನಾನು ಮುಟ್ಟಿಸಿಲ್ಲ.

"ಹಾಗಾದ್ರೆ ನಾನು ಇಷ್ಟು ದಿನ ಸುಮ್ನೆ ಹೊಡೀತಿದ್ನಾ?" ಅಂತ ಹುಡುಗ ತನಗೆ ತಾನೇ ಕೇಳಿಕೊಂಡ. ಅವನಿಗೆ ಕಲಿಸಿದವರು ಎಕ್ಸ್‌ಪಿ ಕಾಲದವರಂತೆ. ಅವರು ಹೇಳಿದ್ದನ್ನು ಇವನು ಪಾಲಿಸಿದ್ದ. ನಮ್ಮ ಪ್ರಬಂಧಗಳಲ್ಲೂ ಇಂಥ ಮಾತುಗಳು ಎಷ್ಟಿವೆಯೋ, ಒಬ್ಬರಿಂದೊಬ್ಬರು ಎತ್ತಿಕೊಂಡು ಬಂದವು.

ದುಡ್ಡು ಕೊಡುತ್ತಿರುವಾಗ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು, ಸ್ಲೋ ಆಗಿದೆ, ಫಾರ್ಮ್ಯಾಟ್ ಮಾಡಿಕೊಡು ಅಂದರು. ಹುಡುಗ ನನ್ನ ಕಡೆ ಒಂದು ಸಲ ನೋಡಿ, ಅವರನ್ನು ಕೇಳಿದ:

"ಡೆಸ್ಕ್‌ಟಾಪ್ ಮೇಲೆ ಏನಾದ್ರೂ ಇಟ್ಟಿದ್ದೀರಾ ಅಣ್ಣಾ? ಮೊದ್ಲು ನೋಡ್ಕಳಿ."